ಅಕ್ಕನ ದನಿಗೆ ತಕ್ಕ ಮೈಕು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಒಂದು ತಿಂಗಳು ಮೊಬೈಲಿನಲ್ಲಿ ವಿಡಿಯೋ ನೋಡಿ, ಮೈಕುಗಳ ಬಗ್ಗೆ ನನಗೆ ಗೊತ್ತಿಲ್ಲದ್ದೇ ಇಲ್ಲ ಎಂದುಕೊಂಡಿದ್ದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು ನಾನು; ಯಾವ ಮೈಕು ಎಷ್ಟು ಸೂಕ್ಷ್ಮ ಎಂದು ಪಟ್ಟಿ ಮಾಡಿ, ಎಲ್ಲಕ್ಕಿಂತ ಸೂಕ್ಷ್ಮವಾದ ಕಂಡೆನ್ಸರ್ ಮೈಕನ್ನೇ ತರಿಸಿದೆ.

ಇದೆಲ್ಲ ಶಾಂತಕ್ಕನಿಗಾಗಿ. ತಿರ್ಲಾಪುರದ ಶಾಲೆಯಲ್ಲಿ ಮಕ್ಕಳಿಗೆ ಕಥೆ ಹೇಳುತ್ತಲೇ ನಿವೃತ್ತಳಾದ ನನ್ನಕ್ಕ ಈಗ ನವಲಗುಂದದಲ್ಲಿ ನಮ್ಮ ಜೊತೆಗಿದ್ದಾಳೆ. ಹೋದ ವರ್ಷ ಲಕ್ವಾ ಹೊಡೆದು ಬಲಗೈ ಸೋತಿತು, ನಾಲಿಗೆ ತೊದಲತೊಡಗಿತು. ದಿನಾ ಗಟ್ಟಿಯಾಗಿ ಮಾತಾಡಬೇಕೆಂದು ಡಾಕ್ಟರು ಹೇಳಿದರು; ಅವಳು ನಾಚಿಕೆಪಟ್ಟು ಮಾತನ್ನೇ ಬಿಟ್ಟಳು. ಮೈಕಿಗೆ ಮುಖವಿಲ್ಲವಲ್ಲ, ಅದರೆದುರು ನಾಚಲಿಕ್ಕಿಲ್ಲ ಎಂದು ಮಕ್ಕಳ ಕಥೆಗಳ ಪಾಡ್‌ಕಾಸ್ಟಿಗೆ ನಾನೇ ಅವಳ ಬೆನ್ನು ಹತ್ತಿದೆ.

ಮೊದಲ ದಿನ ರೆಕಾರ್ಡ್ ಮಾಡಿ ಕೇಳಿದರೆ ಓಣಿಯಾಚೆಯ ಹಿಟ್ಟಿನ ಗಿರಣಿ, ಬಾಜೂಮನೆಯ ಕುಕ್ಕರು, ನಮ್ಮ ಫ್ಯಾನು, ಬರಿಗೋಡೆಗಳ ಪ್ರತಿಧ್ವನಿ. ಇವೆಲ್ಲದರ ಅಡಿಯಲ್ಲೆಲ್ಲೋ ಅಕ್ಕನ ಸಣ್ಣ ದನಿ. ಹೆಡ್‌ಫೋನ್ ತೆಗೆದಿಟ್ಟು, "ಗಿರಣಿ ನನಗಿಂತ ಛಲೋ ಮಾತಾಡ್ತದ" ಎಂದು ಎದ್ದುಹೋದಳು.

ಮರುದಿನವೇ ಆ ಮೈಕು ಹಿಡಿದುಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದೆ. ಸೌಂಡ್ ಸಾಮಾನಿನ ಅಂಗಡಿಯ ಹಿರಿಯರು ನನ್ನ ಪಟ್ಟಿಯನ್ನೆಲ್ಲ ತಾಳ್ಮೆಯಿಂದ ಕೇಳಿ, "ಅದಿರ್ಲಿ ಸರ, ಮಾತಾಡೋರು ಯಾರ್ರಿ?" ಎಂದರು.

ನನ್ನ ಪಟ್ಟಿಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಅಕ್ಕನ ವಿಷಯ ಹೇಳಿದೆ. ಅವರು ಡೈನಾಮಿಕ್ ಮೈಕು ತೆಗೆದರು. ಬಾಯಿಯ ಹತ್ತಿರದ ಮಾತನ್ನು ಹಿಡಿದುಕೊಂಡು, ದೂರದ ಗದ್ದಲಕ್ಕೆ ಅಷ್ಟಾಗಿ ಕಿವಿಗೊಡದ ಜಾತಿ. ಒಳ್ಳೆಯ ಕೇಳುಗನೆಂದರೆ ಎಲ್ಲವನ್ನೂ ಕೇಳಿಸಿಕೊಳ್ಳುವವನಲ್ಲ ಎಂಬುದು ಇಷ್ಟು ವರ್ಷ ಪಾಠ ಮಾಡಿದ ನನಗೆ ಅಂಗಡಿಯಲ್ಲಿ ಹೊಳೆಯಿತು. ಸೋತ ಕೈಗೆ ಭಾರವಾಗದಂತೆ ಮೇಜಿಗೆ ಬಿಗಿಯುವ ಸ್ಟ್ಯಾಂಡು, 'ಪ' 'ಭ' ಅನ್ನುವಾಗಿನ ಉಸಿರು ತಡೆಯಲು ಮೈಕಿನ ತಲೆಗೆ ಹಾಕುವ ಸ್ಪಂಜಿನ ಟೊಪ್ಪಿಗೆ ಕೊಟ್ಟರು. ಗೋಡೆಗೆ ದಪ್ಪ ಬಟ್ಟೆ ತೂಗುಬಿಡಿ ಎಂದರು. ಜಮಖಾನಕ್ಕೇ ಹೆಸರಾದ ನವಲಗುಂದದವನಿಗೆ ಇದನ್ನೂ ಹೇಳಿಕೊಡಬೇಕಾಯಿತು.

ಎರಡು ಜಮಖಾನಗಳ ನಡುವೆ ಕೂತು ಅಕ್ಕ, ಶಾಲೆಯ ಹಂಚಿನ ಸಂದಿಯಲ್ಲಿ ಗೂಡು ಕಟ್ಟಿದ ಗುಬ್ಬಿಯ ಕಥೆ ಹೇಳಿದಳು. ಮೂರು ಕಡೆ ತಡವರಿಸಿದಳು. ಅಷ್ಟನ್ನು ಕತ್ತರಿಸಿಬಿಡುತ್ತೇನೆಂದೆ.

"ತಗೀಬ್ಯಾಡೋ," ಅಂದಳು, ನಿಧಾನವಾಗಿ. "ಓದಾಕ ಕಲಿಯೂ ಹುಡುಗ್ರು ಹಿಂಗ ತಡವರಸ್ತಾರ. ಟೀಚರೂ ತಡವರಸ್ತಾಳಂತ ಅವ್ರಿಗೆ ಗೊತ್ತಾಗ್ಲಿ."

ಕಥೆ ಬಿಟ್ಟರೆ, ವರ್ಷದಲ್ಲಿ ಅವಳಾಡಿದ ಅತಿ ಉದ್ದದ ಮಾತು ಅದು; ಅಷ್ಟರಲ್ಲಿ ನಾನು ಮೈಕು ಬಂದ್ ಮಾಡಿಬಿಟ್ಟಿದ್ದೆ.

ಆ ಕಥೆ ಅವಳ ಹಳೆಯ ವಿದ್ಯಾರ್ಥಿಗಳ ಫೋನುಗಳಿಗೆ ಹೋಯಿತು. ಅವರಲ್ಲೊಬ್ಬಳು ಕುಂದಗೋಳದಿಂದ ಫೋನು ಮಾಡಿ, ಲಕ್ವಾ ಹೊಡೆದ ತನ್ನ ಅಪ್ಪ ಅದನ್ನು ಹಾಕಿಸಿಕೊಂಡು, ಟೀಚರ್ ಹೇಳಿದಂತೆ ಒಂದೊಂದೇ ಸಾಲು ತಾನೂ ಹೇಳುತ್ತಾನೆ ಎಂದಳು. ಅಂದಿನಿಂದ ಅಕ್ಕ ಸಾಲು ಸಾಲಿನ ನಡುವೆ ಚೂರು ಬಿಡುವು ಕೊಡುತ್ತಾಳೆ.

ನಿನ್ನೆ ಒಂಬತ್ತನೆಯ ಕಥೆ. ಪರಿಚಯದ ಮಾತು ನನ್ನದು. ಗತ್ತಿನಿಂದ ಶುರು ಮಾಡಿದೆ. ಅಕ್ಕ ಎಡಗೈಯೆತ್ತಿ ತಡೆದಳು. "ಪ್ರಾರಂಬ ಅಲ್ಲ, ಪ್ರಾರಂಭ. ಇನ್ನೊಮ್ಮೆ ಹೇಳು."

ಕೈ ಕಟ್ಟಿ ನಿಂತು ಇನ್ನೊಮ್ಮೆ ಹೇಳಿದೆ.