ಕ್ಲಾಕ್ ಬಿಟ್ಟುಕೊಟ್ಟವರು ಯಾರು?

ಮೊನ್ನೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಮೊಬೈಲ್ ರಿಪೇರಿಯವನ ಮುಂದೆ ನಿಂತಿದ್ದೆ. ಅವನು ತಂತಿ ಬೆಸೆಯಲು ಸಾಲ್ಡರ್ ಹಚ್ಚಿದ. ರಾಳದ ಹೊಗೆ ಮೂಗಿಗೆ ಬಡಿಯಿತು. ನೀವಾಗಿದ್ದರೆ ಕೆಮ್ಮುತ್ತಿದ್ದಿರಿ. ನಾನು ಇನ್ನೊಮ್ಮೆ ಉಸಿರೆಳೆದುಕೊಂಡೆ. ಆ ವಾಸನೆಯ ಜೊತೆ ಎಪ್ಪತ್ತರ ದಶಕದ ಕೆ.ಆರ್. ಪುರಂ ಬಂದುಬಿಡುತ್ತದೆ, ಅದರ ಹಿಂದೆಯೇ ನಾಸಿರ್.

ನಾಸಿರ್ ಫ್ರೇಜರ್ ಟೌನಿನವನು. ಟೆಲಿಫೋನ್ ಸಲಕರಣೆಗಳ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನಾವಿಬ್ಬರೂ ಎಂಜಿನಿಯರುಗಳು. ನನ್ನ ಕೆಲಸ ಕಾಯಂ ಆಗಿತ್ತು, ಅವನದು ಆಗಿರಲಿಲ್ಲ. ಫೋನ್ ತಂತಿಯ ಮೇಲೆ ಕಂಪ್ಯೂಟರಿನ ಅಂಕಿಗಳನ್ನು ಕಳಿಸುವ ಎರಡು ಪೆಟ್ಟಿಗೆಗಳನ್ನು ಕಟ್ಟಿದ್ದೆವು, ತಲಾ ಒಂದು. ಆ ಕಾಲಕ್ಕೆ ಅದು ಮಹಾ ವೇಗ. ಈಗಿನ ಮಕ್ಕಳು ಕೇಳಿದರೆ ನಗುತ್ತಾರೆ. ಪರೀಕ್ಷೆಯ ದಿನ ಪೆಟ್ಟಿಗೆಗಳು ಓಡದಿದ್ದರೆ ನಮ್ಮ ವಿಭಾಗ ಮುಚ್ಚುತ್ತದೆ, ನಾಸಿರ್ ಮನೆಗೆ ಹೋಗುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ಮಾತೂ ಹಬ್ಬಿತ್ತು: ಯಾರ ಕ್ಲಾಕಿನ ಮೇಲೆ ಓಡುತ್ತದೋ ಅವನಿಗೇ ಹೆಸರು.

ಕ್ಲಾಕ್ ಎಂದರೆ ಗೋಡೆ ಗಡಿಯಾರವಲ್ಲ, ಪೆಟ್ಟಿಗೆಯೊಳಗಿನ ತಾಳ. ಒಂದು ತುದಿ ತಾಳ ಹಾಕಬೇಕು, ಇನ್ನೊಂದು ತುದಿ ತಂತಿಯಲ್ಲಿ ಬಂದ ಆ ತಾಳವನ್ನೇ ಹಿಡಿಯಬೇಕು. ಇದನ್ನು ಪೆಟ್ಟಿಗೆಗೆ ತಿಳಿಸುವುದು ಒಂದು ಚೂರು ತಂತಿ: ಈ ಪಿನ್ನಿಗೆ ಬೆಸೆದರೆ ಯಜಮಾನ, ಆ ಪಿನ್ನಿಗೆ ಬೆಸೆದರೆ ಹಿಂಬಾಲಕ. ಇಷ್ಟಕ್ಕೆ ವಿಶ್ವವಿದ್ಯಾಲಯದ ಪದವಿ ಬೇಕೇ ಎಂದು ಕೇಳಬೇಡಿ. ಇಬ್ಬರಿಗೂ ಪದವಿ ಇತ್ತು, ಗೊಂದಲವಾದದ್ದೇ ಅದರಿಂದ.

ಪರೀಕ್ಷೆಯ ಬೆಳಿಗ್ಗೆ ಅವನು ಶಿವಾಜಿನಗರದ ಎಕ್ಸ್‌ಚೇಂಜಿನಲ್ಲಿ, ನಾನು ಲ್ಯಾಬಿನಲ್ಲಿ. ಅಂಕಿಗಳು ಸ್ವಲ್ಪ ಹೊತ್ತು ಸರಿಯಾಗಿ ಓಡಿ, ಆಮೇಲೆ ಎಡವುತ್ತಿದ್ದವು. ಪಕ್ಕದ ಫೋನಿನಲ್ಲಿ ನಮ್ಮ ಕೂಗಾಟ.

“ನಿನ್ನ ತಂತಿ ಎಲ್ಲಿದೆಯೋ?” ಎಂದೆ.

“ಯಜಮಾನನ ಕಡೆ. ನಿಂದು?”

“ನಂದೂ ಅಲ್ಲೇ.”

“ಅರೆ ಯಾರ್, ಒಂದು ಮನೆಗೆ ಎಷ್ಟು ಜನ ಯಜಮಾನ್ರು ಗುರು?”

ನಕ್ಕು ಫೋನಿಟ್ಟೆವು. ಮರ್ಯಾದಸ್ಥರಲ್ಲವೇ, ಇಬ್ಬರೂ ತಂತಿ ಕಿತ್ತು ಬದಲಿಸಿದೆವು! ಈಗ ಇಬ್ಬರೂ ಹಿಂಬಾಲಕರು. ಒಂದು ಇನ್ನೊಂದರ ತಾಳಕ್ಕೆ ಕಾಯುತ್ತ ಎರಡೂ ಪೆಟ್ಟಿಗೆಗಳು ದಿಕ್ಕೆಟ್ಟವು. ಅಷ್ಟರಲ್ಲಿ ಪರೀಕ್ಷಕರ ಕಾರು ಗೇಟಿನೊಳಗೆ ಬಂತು.

ಇಲ್ಲಿಂದ ಮುಂದೆ ನನ್ನನ್ನು ಪೂರ್ತಿ ನಂಬಬೇಡಿ. ನನ್ನ ನೆನಪಿನಲ್ಲಿ, “ನೀನೇ ಯಜಮಾನ ಆಗೋ, ನಾನು ಹಿಂದೆ ಬರ್ತೀನಿ” ಎಂದವನು ನಾನು. ಅಂಕಿಗಳು ಎಡವದೆ ಓಡಿದವು, ನಾಸಿರನ ಕೆಲಸ ಕಾಯಂ ಆಯಿತು. ಹೆಸರು ಮಾತ್ರ ಇಡೀ ವಿಭಾಗಕ್ಕೆ ಹೋಯಿತು. ಇದನ್ನು ಮದುವೆ ಮನೆಗಳಲ್ಲಿ, ರೈಲಿನಲ್ಲಿ ಹೇಳಿಕೊಂಡು ಬಂದಿದ್ದೇನೆ. ಹೇಳಿದಷ್ಟೂ ನನ್ನ ಔದಾರ್ಯ ದಪ್ಪಗಾಗುತ್ತಿದೆ. ನಾಸಿರ್ ಹೇಳುವುದೇ ಬೇರೆ. ಕ್ಲಾಕ್ ಬಿಟ್ಟುಕೊಟ್ಟದ್ದು ತಾನಂತೆ. ಇಬ್ಬರೂ ಬಿಟ್ಟಿದ್ದರೆ ಆ ಲೈನು ಓಡುತ್ತಲೇ ಇರಲಿಲ್ಲ. ಅಂದರೆ ಒಬ್ಬನ ನೆನಪು ಸುಳ್ಳು.

ರಿಪೇರಿಯಾದ ಮೊಬೈಲಿನಿಂದ ಮೊದಲ ಕರೆ ಅವನಿಗೇ ಮಾಡಿದೆ.

“ಮತ್ತೆ ಅದೇ ಪುರಾಣಾನಾ?” ಎಂದ.

“ಯೋಚನೆ ಮಾಡೋ. ನಿನ್ನ ಕೆಲಸ ನೇತಾಡ್ತಿತ್ತು. ಹೆಸರು ಬೇಕಿದ್ದದ್ದು ನಿನಗೆ. ನೀನ್ಯಾಕೆ ಬಿಡ್ತೀಯ?”

ಅತ್ತ ಚಹಾ ಹೀರುವ ಸದ್ದು. “ಆಯ್ತು ಗುರು, ನೀನೇ ಬಿಟ್ಟಿದ್ದು. ಖುಷಿನಾ? ಭಾನುವಾರ ಊಟಕ್ಕೆ ಬಾ.”

ಎಷ್ಟು ಸಲೀಸಾಗಿ ಅಂದುಬಿಟ್ಟ! ನನ್ನ ಬಾಯಲ್ಲಿ ಇಷ್ಟು ವರ್ಷ ಒಮ್ಮೆಯೂ ಬಾರದ ಮಾತು. ಹೀಗೆ ಬಿಡಬಲ್ಲವನು ಅಂದೂ ಬಿಟ್ಟಿರಬಹುದು, ಅದೂ ಕೆಲಸ ನೇತಾಡುತ್ತಿದ್ದಾಗ.

ಭಾನುವಾರ ಅವನ ಮೊಮ್ಮಕ್ಕಳ ಮುಂದೆ ಈ ಕಥೆಯನ್ನು ಅವನು ಹೇಳುವಂತೆಯೇ ಹೇಳಬೇಕೆಂದಿದ್ದೇನೆ. ಹೆದರಿಕೆ ಒಂದೇ: ಅಷ್ಟರಲ್ಲಿ ಅವನು ನನ್ನ ಕಥೆಯನ್ನೇ ಅವರಿಗೆ ಹೇಳಿ ಮುಗಿಸಿರಬಾರದು.