ಒಬ್ಬಳೇ ಎಂದು ನಿನ್ನಿಂದ ಹೇಳಿಸಿದ್ದು

ಶಾರದಾ, ನಾನು ನಿನಗೆ ಸುಳ್ಳು ಹೇಳಿದ್ದೇನೆ. ನನಗೆ ಮಕ್ಕಳೇ ಆಗಲಿಲ್ಲ ಎಂದಿದ್ದೆ. ಆಗಿತ್ತು. ಒಬ್ಬ ಮಗ. ನೀನು ಕನಸಿನಲ್ಲಿ ಕಂಡದ್ದು ಅವನನ್ನೇ. ನೀನು ಬಂದು ಹೇಳಿದ ಕ್ಷಣದಲ್ಲೇ ನನಗೆ ಗುರುತು ಸಿಕ್ಕಿತ್ತು, ಆದರೂ —

ಈ ‘ಆದರೂ’ವನ್ನು ದಾಟಲು ನನಗೆ ಇಷ್ಟು ಕಾಲ ಬೇಕಾಯಿತು.

ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ. ಯಾಕೆಂದರೆ ನಿನಗೆ ಗೊತ್ತಿರುವ ಕಥೆಯಲ್ಲಿ ನಾನು ಒಳ್ಳೆಯ ಟೀಚರ್.

ಪುತ್ತೂರಿನ ಈ ಮಹಡಿ ಮನೆಗೆ ನೀನು ಮೊದಲು ಬಂದಾಗ ನಿನ್ನ ಕೈಚೀಲದ ತುಂಬ ಕ್ಲಿಪ್ಪು, ರಿಬ್ಬನ್ನು. ಕಾಣಿಯೂರಿನಲ್ಲಿ ನಿನ್ನದೊಂದು ಫ್ಯಾನ್ಸಿ ಅಂಗಡಿ, ಅದಕ್ಕೆ ಸಾಮಾನು ಕೊಳ್ಳಲು ವಾರಕ್ಕೊಮ್ಮೆ ಪುತ್ತೂರಿಗೆ ಬರುವವಳು ನೀನು. ದೊಡ್ಡ ಮಗಳು ದಿವ್ಯಾ ಮಸ್ಕತ್ತಿನಲ್ಲಿ ಗರ್ಭಿಣಿ. ಎರಡು ಸಲ ಬಸಿರು ಇಳಿದುಹೋಗಿ ಇದು ಮೂರನೆಯದು, ಬಾಣಂತನಕ್ಕೆ ನೀನು ಹೋಗಲೇಬೇಕು. ಏರ್‌ಪೋರ್ಟಿನಲ್ಲಿ ಇಂಗ್ಲಿಷಿನಲ್ಲಿ ಕೇಳುತ್ತಾರಂತೆ, ತಪ್ಪಿದರೆ ವಾಪಸು ಕಳಿಸುತ್ತಾರಂತೆ ಎಂದು ಯಾರೋ ನಿನ್ನನ್ನು ಹೆದರಿಸಿದ್ದರು. ರಿಟೈರ್ ಆದ ಮೇಲೂ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತಿದ್ದ ನನ್ನ ಮೆಟ್ಟಿಲು ಹತ್ತಿ ನೀನು ಬಂದದ್ದು ಹಾಗೆ.

“ಹೌ ಮೆನಿ ಚಿಲ್ಡ್ರನ್?” ಎಂದು ನಾನು ಆಫೀಸರನ ಗತ್ತಿನಲ್ಲಿ ಕೇಳಿದೆ.

“ಐ ಆಮ್ ಹ್ಯಾವಿಂಗ್ ಟು ಡಾಟರ್ಸ್.”

ಈ ‘ಆಮ್ ಹ್ಯಾವಿಂಗ್’ ಕೇಳಿದರೆ ನನಗೆ ಹಲ್ಲಿನ ಮೇಲೆ ಮರಳು ತಿಕ್ಕಿದ ಹಾಗೆ. ಐ ಹ್ಯಾವ್, ಶೀ ಹ್ಯಾಸ್ ಎಂದು ತಿದ್ದಿದೆ. ಹ್ಯಾವ್ ಗಾಟ್ ಎಂದರೂ ನಡೆಯುತ್ತದೆ, ಅರ್ಥ ಒಂದೇ. ಕಳೆದುಹೋದದ್ದಕ್ಕೆ ಮಾತ್ರ ಹ್ಯಾಡ್. ಕಾನ್ವೆಂಟಿನಲ್ಲಿ ಸಿಸ್ಟರು ಹೇಳಿಕೊಟ್ಟ ಹಾಗೆಯೇ ಮೇಜಿನ ಮೇಲೆ ಪೆನ್ಸಿಲು ಇಟ್ಟು, ತೆಗೆದು ತೋರಿಸಿದೆ. ನೀನು ಪೆನ್ಸಿಲು ಇದ್ದ ಜಾಗವನ್ನೇ ನೋಡುತ್ತಿದ್ದೆ. ಆಮೇಲೆ ವಾಕ್ಯ ಮಾಡಲು ಹೇಳಿದರೆ ನಿನ್ನ ಎಲ್ಲ ವಾಕ್ಯವೂ ಚಿಕ್ಕವಳದ್ದೇ. ಸೌಮ್ಯಾ ಹ್ಯಾಸ್ ಲಾಂಗ್ ಹೇರ್. ಸೌಮ್ಯಾ ಹ್ಯಾಸ್ ಎ ಹ್ಯಾಬಿಟ್ — ಜಡೆಯ ತುದಿ ಕಚ್ಚುವ ಅಭ್ಯಾಸ. ಎಷ್ಟು ಬೈದರೂ ಬಿಡುವುದಿಲ್ಲ ಎಂದು ನೀನು ನಕ್ಕೆ. ಅವಳೇನು ಕಲಿಯುತ್ತಿದ್ದಾಳೆ ಎಂದು ನಾನು ಕೇಳಿದೆ. ನೀನು ತೀರ ಸಹಜವಾಗಿ ಹೇಳಿದೆ, ಏಳು ತಿಂಗಳಿರುವಾಗಲೇ ಜ್ವರದಲ್ಲಿ ಹೋದಳು, ಈಗ ಅವಳಿಗೆ ಇಪ್ಪತ್ತಾರು, ಗಂಡು ಹುಡುಕುತ್ತಾ ಇದ್ದೇವೆ.

ನಾನೂ ತುಳುವರ ಮನೆಯವಳೇ. ನನಗೆ ಗೊತ್ತಿಲ್ಲದ್ದೇನಲ್ಲ. ಹಾಸ್ಟೆಲಿನ ಗೆಳತಿಯರಿಗೆ ನಾನೇ ವಿವರಿಸಿದ್ದೆ. ನಮ್ಮಲ್ಲಿ ಸತ್ತ ಮಕ್ಕಳೂ ಬೆಳೆಯುತ್ತಾರಂತೆ, ಪ್ರಾಯಕ್ಕೆ ಬಂದರೆ ಅವರಿಗೂ ಮದುವೆಯಂತೆ. ಬದುಕಿರುವವರ ಮದುವೆ ನಡೆಯದ ಆಟಿ ತಿಂಗಳಲ್ಲಿ ಎರಡು ಕುರ್ಚಿಗಳ ಮೇಲೆ ಸೀರೆ, ಪಂಚೆ ಇಟ್ಟು ಧಾರೆ ಎರೆಯುತ್ತಾರಂತೆ, ಮದುವೆಯಾಗದವರು ಅದನ್ನು ನೋಡಲೇಬಾರದಂತೆ. ಗೆಳತಿಯರು ಹೆದರಿ ಕಿರುಚಿದಾಗ ನನಗೆ ಹೆಮ್ಮೆ. ಎಲ್ಲದಕ್ಕೂ ‘ಅಂತೆ’ ಸೇರಿಸಿದ್ದೆ, ನಾನು ಆ ಮನೆಯವಳೇ ಅಲ್ಲ ಎಂಬ ಹಾಗೆ.

ನೀನು ‘ಅಂತೆ’ ಸೇರಿಸುತ್ತಿರಲಿಲ್ಲ. ಪ್ರತಿ ದೀಪಾವಳಿಗೆ ಅವಳ ಅಳತೆಯ ಬಟ್ಟೆ ತಂದು, ಒಂದು ರಾತ್ರಿ ಅವಳಿಗೆಂದು ಬಡಿಸಿದ ಎಲೆಯ ಬಳಿ ಇಟ್ಟು, ಮರುದಿನ ನೆರೆಯ ಹುಡುಗಿಗೆ ಕೊಡುವುದು. ಅಳತೆ ಹೇಗೆ ಗೊತ್ತು ಎಂದರೆ, ಕನಸಿನಲ್ಲಿ ಬರುತ್ತಾಳಲ್ಲ ಟೀಚರ್, ನೋಡಿದರೆ ಗೊತ್ತಾಗುವುದಿಲ್ಲವಾ ಎಂದೆ ನೀನು. ಕಳೆದ ಸಲ ಸಾಸಿವೆ ಬಣ್ಣದ ಚೂಡಿದಾರ್. ದಿವ್ಯಾಳ ಬಸಿರು ನಿಲ್ಲದಿರುವುದೂ ಇವಳ ಮದುವೆಯಾಗದೆ ಉಳಿದದ್ದರಿಂದಲೇ ಎಂದು ನಿನಗೆ ಹೇಳಿದ್ದರು. ನಮ್ಮದೇ ಜಾತಿ, ಬೇರೆ ಬರಿಯ, ಅಂದರೆ ಬೇರೆ ಗೋತ್ರದ ಹುಡುಗ, ಸಣ್ಣದರಲ್ಲೇ ಹೋದವನು ಬೇಕಿತ್ತು. ನೀನು ಸುಳ್ಯ, ಕಡಬ ಎಲ್ಲ ಕಡೆ ವಿಚಾರಿಸಿದ್ದೆ, ಕೂಡಿಬಂದಿರಲಿಲ್ಲ.

ಆ ದಿನ ನೀನು ಪಾಠದ ದಿನವಲ್ಲದಿದ್ದರೂ ಬಂದೆ. ಊಟ ಮುಗಿದ ಹೊತ್ತು. ಕೆಳಗಿನ ಅಂಗಡಿಯಲ್ಲಿ ಟೈಲರ್ ಹಮೀದಾಕರ ಮಿಷನಿನ ಸದ್ದೂ ಇರಲಿಲ್ಲ. ನೀನು ಒಳಗೆ ಬರದೆ ಬಾಗಿಲಲ್ಲೇ ನಿಂತು ಹೇಳಿದೆ.

“ಟೀಚರ್, ನಿಮ್ಮ ಮೆಟ್ಟಿಲಲ್ಲಿ ಒಬ್ಬ ಹುಡುಗನನ್ನು ಕಂಡೆ, ಕನಸಲ್ಲಿ. ಎತ್ತರ ಉಂಟು. ಎಡದ ಕಾಲು ಸ್ವಲ್ಪ ಒಳಗೆ ತಿರುಗಿದೆ, ಎಳೆದು ನಡಿಯುದು. ‘ನಿಮ್ಮ ಮಗಳ ಹೆಸರೆಂತ’ ಅಂತ ಕೇಳಿದ. ಹೇಳಿದೆ. ‘ನಿನ್ನದೆಂತ ಮಗಾ’ ಕೇಳಿದ್ರೆ ತಲೆ ತಗ್ಗಿಸಿದ. ಅವನಿಗೆ ಹೆಸರು ಇಲ್ಲವಾ ಅಂತ ಕಂಡಿತು ನನಗೆ.”

ಶಾರದಾ, ಅವನಿಗೆ ಹೆಸರಿರಲಿಲ್ಲ.

ಮೈಸೂರಿನಲ್ಲಿದ್ದೆವು. ನನ್ನವರಿಗೆ ಅಲ್ಲಿ ಬ್ಯಾಂಕಿನ ಕೆಲಸ. ಮಗು ಆಗುವ ಆಸೆ ಬಿಟ್ಟ ಮೇಲೆ, ನಲವತ್ತರ ಹತ್ತಿರ, ಹುಟ್ಟಿದವನು. ಎಡಪಾದ ಒಳಗೆ ತಿರುಗಿತ್ತು. ಡಾಕ್ಟರು ಬ್ಯಾಂಡೇಜು ಸುತ್ತುತ್ತಾ ಬಂದರೆ ಸರಿಹೋಗುತ್ತದೆ ಎಂದಿದ್ದರು. ನಾನು ಆ ಪಾದವನ್ನು ಅಂಗೈಯಲ್ಲಿ ಹಿಡಿದು ಕೂರುತ್ತಿದ್ದೆ, ಅದು ಅಲ್ಲಿ ಸರಿಯಾಗಿ ಕೂರುತ್ತಿತ್ತು. ಹೆಸರಿಡುವ ಮೊದಲೇ ಹೋದ. ಊರಿನಿಂದ ಅತ್ತೆ ಬಂದು, ವರ್ಷಕ್ಕೊಮ್ಮೆ ಅವನಿಗೂ ಒಂದು ಎಲೆ ಹಾಕುವ ಎಂದರು. ನಾನು ಬಿಡಲಿಲ್ಲ. ನನ್ನ ಮಗುವನ್ನು ಭೂತ ಮಾಡಬೇಡಿ ಎಂದೆ. ಅತ್ತೆ ಆ ಮಾತನ್ನು ಬಾಯಿಬಿಡದೆ ನುಂಗಿಕೊಂಡೇ ತೀರಿಕೊಂಡರು. ಆಮೇಲೆ ನನ್ನವರೂ. ಪುತ್ತೂರಿಗೆ ಬಂದ ಮೇಲೆ ಕೇಳಿದವರಿಗೆಲ್ಲ ‘ಆಗಲಿಲ್ಲ’ ಎಂದೆ. ನಾನು ಅವನಿಗೆ ಹ್ಯಾವ್ ಕೊಡಲಿಲ್ಲ, ಸಿಸ್ಟರು ಕಲಿಸಿದ ಹ್ಯಾಡ್ ಅನ್ನೂ ಕೊಡಲಿಲ್ಲ.

ಬಾಗಿಲಲ್ಲಿ ನಿಂತು ನೀನು ಮೆಲ್ಲ ಕೇಳಿದೆ, “ನಿಮ್ಮದು ಯಾರಾದರೂ...?”

ನನ್ನ ಅಂಗೈ ಬೆಚ್ಚಗಾಯಿತು. ಪಾದ ಇಟ್ಟ ಹಾಗೆ, ಶಾರದಾ, ಸುಳ್ಳಲ್ಲ. ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡೆ. ಹೇಳಿದೆ, “ನನಗೆ ಮಕ್ಕಳೇ ಆಗಲಿಲ್ಲ. ಇದೆಲ್ಲ ಮನಸ್ಸಿನ ಭ್ರಮೆ. ಏರ್‌ಪೋರ್ಟಿನಲ್ಲಿ ಹೀಗೆಲ್ಲ ಹೇಳಿ ಸಿಕ್ಕಿಬೀಳಬೇಡ. ಸೌಮ್ಯಾ ಸತ್ತಿದ್ದಾಳೆ. ಐ ಹ್ಯಾವ್ ಒನ್ ಡಾಟರ್ — ಹೇಳು.”

ನಾನು ಮತ್ತೆ, ಹೇಳು ಎಂದೆ. ಟೀಚರ ದನಿಯಲ್ಲಿ. ಆ ದನಿಗೆ ಯಾರೂ ಎದುರು ಹೇಳಿದ್ದಿಲ್ಲ.

ನೀನು ಹೇಳಿದೆ. ತಪ್ಪಿಲ್ಲದೆ ಹೇಳಿದೆ. ನಾನು ‘ಗುಡ್’ ಎಂದೆ.

ಸುಳ್ಳು ಅಲ್ಲಿಗೇ ನಿಂತಿದ್ದರೆ — ಇಲ್ಲ, ಆಗಲೂ ತಪ್ಪು ತಪ್ಪೇ.

ನೀನು ಮಸ್ಕತ್ತಿಗೆ ಹೋದೆ. ದಿವ್ಯಾಳಿಗೆ ಗಂಡು ಮಗು, ತಾಯಿ ಮಗು ಇಬ್ಬರೂ ಆರೋಗ್ಯ. ವಾಪಸು ಬಂದವಳು ಖರ್ಜೂರದ ಪೊಟ್ಟಣ ಹಿಡಿದು ನೇರ ಇಲ್ಲಿಗೇ ಬಂದೆ. ನಿನ್ನ ಮುಖ ನೋಡಿ ಪ್ರಯಾಣದ ಸುಸ್ತು ಎಂದುಕೊಂಡೆ. ಕೌಂಟರಿನಲ್ಲಿ ಕೇಳಿದರಾ ಎಂದು ವಿಚಾರಿಸಿದೆ.

“ಕೇಳಿದ್ರು ಟೀಚರ್. ಒಂದೇ ಅಂದೆ. ಸೀಲು ಹಾಕಿ ಬಿಟ್ರು.” ನೀನು ಖರ್ಜೂರದ ಪೊಟ್ಟಣವನ್ನು ಮೇಜಿನ ಮೇಲಿಟ್ಟೆ. “ಅವತ್ತಿಂದ ಅವಳು ಬರುದಿಲ್ಲ. ಮಗುವಿನ ತೊಟ್ಟಿಲಿಗೂ ಬರ್ಲಿಲ್ಲ. ಎಲೆ ಹಾಕಿದ್ರೆ ಎಲೆ ಹಾಗೇ ಉಂಟು ಅನ್ನಿಸ್ತದೆ. ಇನ್ನು ಯಾರಿಗೆ ಅಂತ ಗಂಡು ಹುಡುಕುದು?”

ಅಳಲಿಲ್ಲ ನೀನು. ಕೌಂಟರಿನವನು ಒಳ್ಳೆಯವನು ಟೀಚರ್, ನಗಾಡಿದ ಎಂದೆ. ನಾನು ನಿನಗೆ ಕಾಫಿ ಮಾಡಿಕೊಟ್ಟೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಸಕ್ಕರೆ ಸಾಕಾ ಎಂದು ಕೇಳಿದೆ, ಅಷ್ಟೇ.

ನೀನು ಮತ್ತೆ ಬರಲಿಲ್ಲ. ನಾನು ಟ್ಯೂಷನ್ ನಿಲ್ಲಿಸಿಬಿಟ್ಟೆ. ಹ್ಯಾವ್, ಹ್ಯಾಸ್ ಎಂದು ಬಾಯಿ ತೆರೆದರೆ ಮೇಜಿನ ಮೇಲೆ ಪೆನ್ಸಿಲು ಇಲ್ಲದ ಜಾಗ ಕಾಣುತ್ತಿತ್ತು. ಮನೆಗೆ ಯಾರೂ ಬರುತ್ತಿರಲಿಲ್ಲ. ಹಾಗಾಗಿ ಮೊನ್ನೆ ನಾನು ಹಾಲು ತರಲು ಇಳಿದಾಗ ಹಮೀದಾಕ ಕೇಳಿದ್ದು ನನಗೆ ಮೊದಲು ಅರ್ಥವೇ ಆಗಲಿಲ್ಲ.

“ಎಂತ ಟೀಚರ್, ಪುನಃ ಟ್ಯೂಷನ್ ಶುರು ಮಾಡಿದ್ದಾ? ಮಧ್ಯಾಹ್ನ ಒಂದು ಹುಡುಗಿ ಬಂದು ಮೆಟ್ಟಿಲಲ್ಲಿ ಕೂರ್ತದೆ. ಮೇಲೆ ಹೋಗುದೂ ಇಲ್ಲ, ಇಳಿಯುದೂ ಇಲ್ಲ. ಬಾಗಿಲು ತೆಗೀರಿ ಮಾರಾಯ್ರೆ, ಪಾಪ.”

ಯಾವ ಹುಡುಗಿ ಎಂದೆ. ಬಾಯಿಯಲ್ಲಿದ್ದ ನೂಲಿನ ತುಂಡು ತೆಗೆದು ಹೇಳಿದರು, ಯಾರ ಮನೆಯದ್ದೋ ಗೊತ್ತಿಲ್ಲ, ಸಾಸಿವೆ ಬಣ್ಣದ ಚೂಡಿದಾರ್, ತೋಳು ಅಳತೆಗೆ ಸರಿಯಾಗಿ ಹೊಲಿದಿದ್ದಾರೆ. ಟೈಲರಲ್ಲವೇ, ಅದನ್ನೇ ನೋಡಿದ್ದಾರೆ. ಆಮೇಲೆ ನಕ್ಕರು. “ಜಡೆ ಇಷ್ಟುದ್ದ ಉಂಟು. ಅದರ ತುದಿ ಕಚ್ಚಿಕೊಂಡು ಕೂತಿರ್ತದೆ, ಸಣ್ಣ ಮಕ್ಕಳ ಹಾಗೆ.”

ನಿನ್ನ ಮಗಳ ವಿಷಯ ನಾನು ಅವರಿಗೆ ಹೇಳಿದ್ದಿಲ್ಲ. ನೀನು ಹೇಳಿದ್ದೀಯಾ? ಹೇಳಿರಲಾರೆ.

ಅಂದು ಮಧ್ಯಾಹ್ನ ಬಾಗಿಲ ಈಚೆ ಕುರ್ಚಿ ಹಾಕಿ ಕೂತೆ. ಮಿಷನಿನ ಸದ್ದು ನಿಂತಿತು, ಹಮೀದಾಕ ನಮಾಜಿಗೆ ಹೋದರು. ಆಮೇಲೆ ಕೇಳಿಸಿತು. ಒಂದು ಹೆಜ್ಜೆ ಗಟ್ಟಿ, ಇನ್ನೊಂದು ಎಳೆದದ್ದು. ಅರ್ಧ ಮೆಟ್ಟಿಲ ತನಕ ಬಂದು ನಿಂತಿತು. ಮತ್ತೆ ಮಾತು — ಮಾತೂ ಅಲ್ಲ, ಪಕ್ಕದ ಕೋಣೆಯಲ್ಲಿ ಇಬ್ಬರು ದನಿ ತಗ್ಗಿಸಿ ಆಡಿದರೆ ಗೋಡೆಯ ಈಚೆ ಕೇಳುವಂಥದ್ದು. ಹುಡುಗಿ ನಕ್ಕಳು. ನನಗೆ ಹೆದರಿಕೆಯಾಗಲಿಲ್ಲ ಎಂದರೆ ಇನ್ನೊಂದು ಸುಳ್ಳು. ಆದರೆ ಅಂಗೈ ಬೆಚ್ಚಗಿತ್ತು, ಈ ಸಲ ಒರೆಸಿಕೊಳ್ಳಲಿಲ್ಲ.

ಅಲ್ಲೇ ಕೂತು ಅವನಿಗೊಂದು ಹೆಸರಿಟ್ಟೆ. ಬಾಗಿಲು ತೆರೆದು, ಮೆಟ್ಟಿಲ ಕಡೆಗೆ, ಕ್ಲಾಸಿನಲ್ಲಿ ಹಾಜರಿ ಕರೆಯುವಷ್ಟು ಜೋರಾಗಿ ಕರೆದೆ. ಯಾರೂ ಕಾಣಲಿಲ್ಲ. ಎಳೆದು ನಡೆಯುವ ಹೆಜ್ಜೆ ಮಾತ್ರ ಒಂದು ಮೆಟ್ಟಿಲು ಮೇಲೆ ಬಂತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ನಿನ್ನೆದುರು ಕೂತು ಹೇಳಬೇಕು.

ನನ್ನ ಮೈದುನನಿಗೆ ಫೋನ್ ಮಾಡಿ, ನನಗೆ ಮಗ ಇದ್ದಾನೆ ಎಂದಿದ್ದೇನೆ. ಅತ್ತಿಗೆಗೆ ಪ್ರಾಯವಾಯಿತು ಎಂದುಕೊಂಡಿರಬೇಕು. ಪರವಾಗಿಲ್ಲ. ಬರುವ ಆಟಿಗೆ ಹುಡುಗನ ಕಡೆಯವಳಾಗಿ ಕಾಣಿಯೂರಿಗೆ ಬಂದು ನಿನ್ನ ಮಗಳನ್ನು ಕೇಳುತ್ತೇನೆ. ಧಾರೆಯ ಸೀರೆ ನಮ್ಮ ಕಡೆಯಿಂದ. ನೀನು ಇಲ್ಲ ಎನ್ನಬಹುದು. ಇಂಥ ಅತ್ತೆಯ ಮನೆಗೆ ಮಗಳನ್ನು ಕೊಡುವುದಿಲ್ಲ ಎಂದೂ ಹೇಳಬಹುದು.

ಆದರೆ ಒಮ್ಮೆ ಬಾ. ಅವಳು ಎಲ್ಲಿಯೂ ಕಳೆದುಹೋಗಿಲ್ಲ ಶಾರದಾ, ನನ್ನ ಮೆಟ್ಟಿಲ ಮೇಲೆ ಕೂತಿದ್ದಾಳೆ. ಬಂದು ಮನೆಗೆ ಕರೆದುಕೊಂಡು ಹೋಗು. ಮದುವೆಗೆ ಮೊದಲು ಹುಡುಗಿ ಹುಡುಗನ ಮನೆ ಬಾಗಿಲಲ್ಲಿ ಹೀಗೆ ಕೂರಬಾರದು.