ಹಿಂದಿನ ಸೀಟಿನ ಪೆಟ್ಟಿಗೆ

ನಮ್ಮ ಕಟ್ಟಡದ ಕೆಳಮನೆಯ ಟೈಲರಮ್ಮನಿಗೆ ಒಬ್ಬ ಸವತಿ ಇದ್ದಳು ಎಂದರೆ ಯಾರೂ ನಂಬುವುದಿಲ್ಲ. ನಾನು ನಂಬುತ್ತೇನೆ, ಕಣ್ಣಾರೆ ನೋಡಿದವಳು. ಹಸಿರು ಪ್ಲಾಸ್ಟಿಕ್ಕಿನದು, ನಾಲ್ಕು ಮೂಲೆಯದು. ಗಂಡನ ಸ್ಕೂಟರಿನ ಹಿಂದಿನ ಸೀಟಿನ ಮೇಲೆ ಸೈಕಲ್ ಟ್ಯೂಬಿನಲ್ಲಿ ಬಿಗಿಸಿಕೊಂಡು ಕೂತಿರುತ್ತಿತ್ತು. ಸಾಮಾನು ತರುವ ಪೆಟ್ಟಿಗೆ.

ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಮೊದಲೆಲ್ಲ ಇಬ್ಬರೂ ಒಟ್ಟಿಗೆ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಅವಳು ಹಿಂದೆ ಕೂತು ಚೀಲ ಹಿಡಿದು ಬರುತ್ತಿದ್ದಳು. ಒಂದು ದಿನ ಅವನು ಹಂಪ್ ಹಾರಿಸಿದ ರಭಸಕ್ಕೆ ಟೊಮೆಟೊ ಚೀಲ ಬಿತ್ತು, ಹಿಂದೆಯೇ ಅವಳೂ ಬಿದ್ದಳು. ಅವಳ ಮೊಣಕೈ ತರಚಿ ರಕ್ತ ಬರುತ್ತಿದ್ದರೆ ಈ ಮಹಾರಾಯ ಟೊಮೆಟೊ ಆರಿಸಲು ಓಡಿದ. ಮರುದಿನವೇ ಪೆಟ್ಟಿಗೆ ಬಂತು. ಅವಳಿಗೆ ಬಸ್ಸೇ ಗತಿಯಾಯಿತು.

ಆಮೇಲೆ ಸಾಮಾನು ತರುವುದೇ ಅವನಿಗೊಂದು ಹುಚ್ಚಾಯಿತು. ಅಕ್ಕಿ, ಎಣ್ಣೆಯಂಥ ಭಾರದ್ದೆಲ್ಲ ಕಾಲಡಿ. ಹ್ಯಾಂಡಲಿಗೆ ಏನೂ ತೂಗುಹಾಕುವಂತಿಲ್ಲ, ತಿರುವಿನಲ್ಲಿ ಎಳೆಯುತ್ತದಂತೆ. ಪೆಟ್ಟಿಗೆಯ ತಳಕ್ಕೆ ಹಳೆ ಟವೆಲ್, ಅದರ ಮೇಲೆ ಗಟ್ಟಿ ತರಕಾರಿ, ಎಲ್ಲಕ್ಕಿಂತ ಮೇಲೆ ಮೊಟ್ಟೆ. ಹಂಪ್ ಬಂದರೆ ಮಲಗಿದ ಕೂಸನ್ನು ಹೊತ್ತವನಂತೆ ಮೆಲ್ಲಗೆ ಇಳಿಸುತ್ತಿದ್ದ. ಒಂದು ಮೊಟ್ಟೆಯೂ ಬಿರುಕು ಬಿಟ್ಟದ್ದಿಲ್ಲ. ನಾವೆಲ್ಲ ಅವನ ಕೈಗೇ ಚೀಲ ಕೊಡತೊಡಗಿದೆವು. ಮೇಲಿನ ಮನೆಯ ಟೀಚರಂತೂ ಮುಚ್ಚಳದ ಬುಟ್ಟಿಯೊಂದನ್ನು ಮೊಟ್ಟೆಗೆಂದೇ ಕೊಟ್ಟಿದ್ದಳು. ಅದನ್ನು ಇಳಿಸಿಕೊಳ್ಳುವಾಗ, "ಕೈ ಅಂದ್ರೆ ನಿಮ್ಮದು ಕೈ, ಅಣ್ಣಾ!" ಎನ್ನುತ್ತಿದ್ದಳು. ಅವನು ಉಬ್ಬಿಹೋಗುತ್ತಿದ್ದ. ಕೆಳಮನೆಯಲ್ಲಿ ಹೊಲಿಗೆ ಮೆಷಿನ್ನಿನ ಸದ್ದು ಜೋರಾಗುತ್ತಿತ್ತು.

"ಅಣ್ಣ ಅಂತಾಳಲ್ಲ, ಬಿಡೇ," ಎಂದೆ ಒಮ್ಮೆ, ಟೈಲರಮ್ಮ ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಾಗ.

"ಅವಳ ಮೇಲೆ ನಂಗೇನೂ ಅನುಮಾನ ಇಲ್ಲ. ಆದ್ರೂ ಹೊಟ್ಟೆ ಉರಿಯುತ್ತೆ. ಅವಳ ಮೊಟ್ಟೆಗಿರೋ ಮರ್ಯಾದೆ ನಂಗಿಲ್ವಲ್ಲ! ನಾನು ಹಿಂದೆ ಕೂತಾಗ ಒಂದು ಸಲನಾದ್ರೂ ಹಂಪ್ ಹತ್ರ ಬ್ರೇಕ್ ಹಿಡಿದಿದ್ರಾ, ಕೇಳು!"

ಸೂಜಿ ಬೆರಳಿಗೆ ಚುಚ್ಚಿತು. ಅದಕ್ಕೂ ಟೀಚರಿಗೇ ಬೈಗುಳ.

ಮುಂದಿನ ಭಾನುವಾರ ಅವಳು ಸ್ಕೂಟರಿಗೆ ಅಡ್ಡ ನಿಂತಳು. "ರೀ, ಪೆಟ್ಟಿಗೆ ಬಿಚ್ಚಿ. ಮೊಟ್ಟೆ ನಾನೇ ತಗೊಂಡು, ಬುಟ್ಟೀನ ಮಡಿಲಲ್ಲಿ ಇಟ್ಕೋತೀನಿ. ನಿಮ್ಮ ಪೆಟ್ಟಿಗೆಗಿಂತ ನನ್ನ ಮಡಿಲು ಮೆತ್ತಗಿಲ್ವಾ?"

ಸಾಮಾನಿನ ಕ್ಷೇಮದ ಮಾತು ಬಂದರೆ ಅವನಿಗೆ ಇಲ್ಲವೆನ್ನಲು ಬಾಯಿ ಬಾರದು. "ಅಲುಗಾಡಬಾರದು, ನೋಡು," ಎಂದು ಟ್ಯೂಬ್ ಬಿಚ್ಚಿ, ಪೆಟ್ಟಿಗೆಯನ್ನು ಗೋಡೆ ಬದಿಗಿಟ್ಟ.

ಅವರು ವಾಪಸ್ಸು ಬಂದಾಗ ನಾನು ಗೇಟಿನಲ್ಲೇ ಇದ್ದೆ. ನಮ್ಮ ಬೀದಿಯ ಹಂಪಿನ ಹತ್ತಿರ, "ಹಂಪ್ ಬಂತು ಕಣೇ, ಹುಷಾರು," ಎಂದದ್ದು ನನಗೂ ಕೇಳಿಸಿತು. ಸ್ಕೂಟರು ಇರುವೆಯಂತೆ ಹತ್ತಿ ಇಳಿಯಿತು. ಅವನು ಕೈಕೊಟ್ಟು ಅವಳನ್ನು ಇಳಿಸಿದ. ಬುಟ್ಟಿಯ ಮುಚ್ಚಳ ತೆಗೆದ. ಒಳಗೆ ಮಡಿಸಿದ ಟವೆಲ್ ಬಿಟ್ಟರೆ ಏನೂ ಇರಲಿಲ್ಲ.

"ಮೊಟ್ಟೆ ಎಲ್ಲೇ?"

"ತಗೊಳ್ಳಲೇ ಇಲ್ಲ."

"ಮತ್ತೆ ದಾರಿಯುದ್ದಕ್ಕೂ..."

"ದಾರಿಯುದ್ದಕ್ಕೂ ನನ್ನೊಬ್ಬಳನ್ನೇ ತಂದ್ರಿ. ನಿಧಾನವಾಗಿ ತರೋಕೆ ಬರುತ್ತಲ್ಲ ನಿಮಗೆ!" ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮರ್ಯಾದಸ್ಥರಾದರೆ ಆಚೆ ನೋಡಬೇಕಿತ್ತು. ನಾನು ನೋಡುತ್ತಲೇ ನಿಂತೆ.

ಅಷ್ಟರಲ್ಲಿ ಮೇಲಿನಿಂದ ಟೀಚರ್ ಬಗ್ಗಿದಳು. "ಅಣ್ಣಾ, ನನ್ನ ಮೊಟ್ಟೆ ಬಂತಾ?"

ಅವನು ಹೆಂಡತಿಯನ್ನು ನೋಡಿದ. ಅವಳು ಮೊಣಕೈಯ ಹಳೆ ಕಲೆಯನ್ನು ಸವರಿಕೊಳ್ಳುತ್ತಿದ್ದಳು. ಇವಳೇ ತರಲಿಲ್ಲ ಎಂದಿದ್ದರೆ ಅವನ ಹೆಸರು ಉಳಿಯುತ್ತಿತ್ತು.

"ಒಡೆದುಹೋಯ್ತು ಟೀಚರ್."

"ನಿಮ್ಮ ಕೈಲಾ?"

"ನನ್ನ ಕೈಲೇ," ಎಂದ, ಇಡೀ ಕಟ್ಟಡಕ್ಕೆ ಕೇಳುವಂತೆ. "ಇನ್ಮೇಲೆ ನಂಗೆ ಹೇಳ್ಬೇಡಿ."

ಹಸಿರು ಪೆಟ್ಟಿಗೆ ಈಗ ಹೊಲಿಗೆ ಮೆಷಿನ್ನಿನ ಕೆಳಗಿದೆ, ಬಟ್ಟೆಯ ಚೂರುಗಳನ್ನು ತುಂಬಿಕೊಂಡು. ನಮ್ಮ ಸಾಮಾನನ್ನು ನಾವೇ ಹೊತ್ತು ತರುತ್ತೇವೆ. ಭಾನುವಾರ ಅವರಿಬ್ಬರೂ ಆ ಹಂಪನ್ನು ಮೆಲ್ಲಗೆ ಇಳಿಯುವುದನ್ನು ನಾನು ನಮ್ಮವರ ಸ್ಕೂಟರಿನ ಹಿಂದಿನ ಸೀಟಿನಿಂದ ನೋಡುತ್ತೇನೆ, ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು. ಅಷ್ಟರಲ್ಲಿ ನಮ್ಮವರು ಹಂಪ್ ಹಾರಿಸಿಬಿಡುತ್ತಾರೆ. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿದುಹೋಗುತ್ತದೆ.